ಎದೆಯೊಳಗಿನ ಗೆರೆ

ಹುಬ್ಬಳ್ಳಿ, ೧೪-೩-೧೯೬೧

ಮಾಳಮಡ್ಡಿಯ ಶಿವಲಿಂಗಕ್ಕನಿಗೆ ತಂಗಿ ಬಾಳವ್ವ ಮಾಡುವ ನಮಸ್ಕಾರಗಳು.

ಮೊನ್ನೆ ನಿಮ್ಮ ಬಾಗಿಲಿಗೆ ಬಂದು ಏನೂ ಹೇಳದೆ ಹಿಂದಿರುಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಅಂದು ಬೆಳಿಗ್ಗೆ ದವಾಖಾನೆಯ ಹೊಸ ಡಾಕ್ಟರು ನನ್ನ ಮೂರು ವರ್ಷಗಳ ಎಕ್ಸ್‌-ರೇಗಳನ್ನು ಒಟ್ಟಿಗೆ ನೋಡಿದರು. ಎಲ್ಲದರಲ್ಲೂ ಎದೆಯೊಳಗೆ ಅದೇ ಗೆರೆ, ಹಿಂದಿನ ಡಾಕ್ಟರು ಕ್ಷಯ ಎಂದಿದ್ದ ಗೆರೆ, ಒಂದಿಷ್ಟೂ ಬದಲಾಗಿರಲಿಲ್ಲ.

“ಇದು ಕ್ಷಯ ಅಲ್ಲ ತಂಗಿ. ಒಂದು ರಕ್ತನಾಳ ಹುಟ್ಟಿದಾಗಿಂದನ ಬ್ಯಾರೆ ಹಾದಿ ಹಿಡದೈತಿ. ಕೆಲವು ಮಂದಿಗೆ ಹಿಂಗ ಇರತೈತಿ. ನಿನಗ ಯಾವ ಬ್ಯಾನಿನೂ ಇಲ್ಲ,” ಎಂದರು.

ಅಲ್ಲಿಂದ ನೇರವಾಗಿ ನಿಮ್ಮ ಮನೆಗೆ ಓಡಿ ಬಂದೆ. ಚೆನ್ನಿ ನಿನ್ನ ಸೆರಗು ಹಿಡಿದು, “ಯವ್ವಾ, ಈಕಿ ಯಾರ?” ಎಂದಳು. ನೀನು ಹೆದರಿ ಅವಳನ್ನು ಎತ್ತಿಕೊಂಡು ಒಳಗೆ ಹೋದೆ. ಅದು ನಿನ್ನ ತಪ್ಪಲ್ಲ. ಮೂರು ವರ್ಷದ ಹಿಂದೆ ನಾನು ಹೆತ್ತ ಎಂಟು ತಿಂಗಳ ಕೂಸನ್ನು ನಿನ್ನ ಮಡಿಲಿಗೆ ಹಾಕಿ, ನನ್ನ ಉಸಿರು ತಾಗದಂತೆ ದೂರವಿಡು ಎಂದವಳು ನಾನೇ.

ಈಗ ಅವಳನ್ನು ಕರೆದೊಯ್ದರೆ ನಿನಗಾಗಿ ಅಳುತ್ತಾಳೆ. ಅವಳು ಅಲ್ಲೇ ಇರಲಿ. ನೀನು ಒಪ್ಪಿದರೆ ಪ್ರತಿ ಸೋಮವಾರ ಬಂದು ಅವಳ ತಲೆ ಬಾಚಿ ಹೋಗುತ್ತೇನೆ. ಮತ್ತೆ ಕೇಳಿದರೆ, ನಾನು ಚಿಕ್ಕವ್ವ ಎಂದು ಹೇಳು.

ನಿನ್ನ ತಂಗಿ,
ಬಾಳವ್ವ