ಐದನೆಯ ಬರಹ ಕೇಳಿಕೊಂಡು

ಗದಗ-ಬೆಟಗೇರಿ
ಫೆಬ್ರವರಿ ಮೂವತ್ತು, ೨೧೮೭

ದಾಕ್ಷಾಯಣಿ ಅವರಿಗೆ ಸುವರ್ಣಾ ಮುಳಗುಂದ ಮಾಡುವ ಶರಣು.

ಮೇಲಿನ ತಾರೀಖು ಕಂಡು ಇದು ಯಾರದೋ ತಮಾಷೆ ಎಂದುಕೊಳ್ಳಬೇಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ತಿಂಗಳುಗಳನ್ನೆಲ್ಲ ಮೂವತ್ತಕ್ಕೆ ಸಮ ಮಾಡಿ, ಮಿಕ್ಕ ದಿನಗಳನ್ನು ಬೇಸಿಗೆಯ ರಜೆಗೆ ಸೇರಿಸಿಬಿಟ್ಟರು. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವಾಗಿ ಕಂಡೀತು, ಕ್ಷಮಿಸಿ. ನಿಮ್ಮ ಕಾಲದ ಬರಹಗಳನ್ನು ಓದಿ ಕಲಿತದ್ದು. ಎಲ್ಲೋ ಪತ್ರಿಕೆಯ ಹಾಗಿದೆ, ಎಲ್ಲೋ ಜಗಳದ ಹಾಗಿದೆ. ಹಿಂದಿನ ಕಾಲಕ್ಕೆ ಪತ್ರ ಕಳಿಸುವ ವ್ಯವಸ್ಥೆಯೊಂದು ನಮ್ಮಲ್ಲಿದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ. ತಲುಪಿತೆ ಎಂದು ಯಾರೂ ಹೇಳುವುದಿಲ್ಲ. ಹೆಚ್ಚಿನವರು ಅದನ್ನು ತೀರಿಹೋದ ತಾಯಿಗೆ ಬರೆಯುತ್ತಾರೆ. ನಾನು ಮುಖ ಕಾಣದ ನಿಮಗೆ ಬರೆಯುತ್ತಿದ್ದೇನೆ ಎಂದರೆ ನನ್ನ ಪಾಡು ನೀವೇ ತಿಳಿದುಕೊಳ್ಳಿ.

ನಾನು ಉಳಿಕೆ ಕಚೇರಿಯಲ್ಲಿ ಓದುವವಳು. ಹಳೆಯ ಕಾಲದ ಜನ ತಮ್ಮಷ್ಟಕ್ಕೆ ಬರೆದಿಟ್ಟ ಪುಟಗಳನ್ನು, ನೀವು ಬ್ಲಾಗು ಎನ್ನುತ್ತಿದ್ದಿರಲ್ಲ ಅವನ್ನು, ಓದಿ ಒಂದೊಂದು ಸಾಲಿನ ಟಿಪ್ಪಣಿ ಬರೆಯುವುದು ಕೆಲಸ. ಬಿಸಿಲಿಗೆ ಹೆದರಿ ಕಚೇರಿಯನ್ನು ನೆಲದಡಿಗೆ ಇಳಿಸಿದ್ದಾರೆ. ಬೆಳಿಗ್ಗೆ ಐದಕ್ಕೆ ಹೋಗಿ ಹತ್ತಕ್ಕೆ ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತೇವೆ. ಮೂವತ್ತೊಂದು ವರ್ಷ ಇದೇ ಆಯಿತು, ಕಣ್ಣು ಸೋತಿದೆ. ನಿಮ್ಮವರ ಬ್ಲಾಗುಗಳ ಕೊನೆಯ ಬರಹ ಯಾವಾಗಲೂ ಒಂದೇ: ಬಹಳ ದಿನ ಬರೆಯಲಾಗಲಿಲ್ಲ, ಇನ್ನು ಮೇಲೆ ತಪ್ಪದೆ ಬರೆಯುತ್ತೇನೆ. ಅಲ್ಲಿಂದಾಚೆ ಏನೂ ಇರುವುದಿಲ್ಲ. ಇಂಥವನ್ನು ಎಷ್ಟು ಸಾವಿರ ಓದಿದ್ದೇನೋ, ಈಗ ಸಿಟ್ಟೂ ಬರುವುದಿಲ್ಲ.

ನಮ್ಮ ಕಾಲದ ಸಂಗೀತದ ಬಗ್ಗೆ ಒಂದು ಮಾತು ಹೇಳಬೇಕು. ಹುಟ್ಟಿದ ಹನ್ನೊಂದನೆಯ ದಿನ ಮಗುವಿನ ಕಿವಿಯಲ್ಲಿ ಕಿವಿಮಣಿ ಇಡುತ್ತಾರೆ. ಕಾಳಿನಷ್ಟು ಚಿಕ್ಕದು. ಅದು ನಾಡಿ ನೋಡಿಕೊಂಡು ಅವರವರಿಗೆ ಬೇಕಾದ ಹಾಡನ್ನು ಆಗಿಂದಾಗ ಕಟ್ಟಿ ಹಾಡುತ್ತದೆ. ಹಾಡಿದ್ದನ್ನು ಮತ್ತೆ ಹಾಡುವುದಿಲ್ಲ, ಇನ್ನೊಬ್ಬರಿಗೆ ಕೇಳಿಸುವುದೂ ಇಲ್ಲ. ಹೀಗಾಗಿ ನಮಗೆ ದಿನವೂ ಹೊಸ ಹಾಡು, ಆದರೆ ಈ ಹಾಡು ಕೇಳಿದೆಯಾ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ನಾನೂ ನನ್ನ ಅಕ್ಕ ಕಸ್ತೂರಿಯೂ ಒಂದೇ ಮನೆಯಲ್ಲಿ ಐವತ್ತೆಂಟು ವರ್ಷ ಬಾಳಿದ್ದೇವೆ. ರೊಟ್ಟಿ ಒಣಗಿತೆಂದು ಜಗಳವಾಡಿದ್ದೇವೆ, ಒಂದು ಹಾಡಿನ ಸಲುವಾಗಿ ಎಂದೂ ಆಡಿರಲಿಲ್ಲ.

ಹೋದ ವರ್ಷ ಅಕ್ಕನ ಹೃದಯ ಸೋತಿತು. ಈ ಬೇಸಿಗೆ ದಾಟುವುದು ಕಷ್ಟ ಎಂದಿದ್ದಾರೆ. ಹಾಸಿಗೆಯ ಪಕ್ಕ ಕುಳಿತು ಓದಿ ಹೇಳಲು ಏನಾದರೂ ಬೇಕಿತ್ತು, ಕೈಗೆ ಸಿಕ್ಕದ್ದು ನಿಮ್ಮ ಪುಟ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ನೀವು, ಸಿಟಿ ಬಸ್ಸಿನಲ್ಲಿ ಹೋಗುತ್ತ ಬರುತ್ತ ಕೇಳಿದ ಹೊಸ ಹಾಡುಗಳ ಬಗ್ಗೆ ಬರೆದ ನಾಲ್ಕು ಬರಹ. ಹಾಡಿನ ಮಾತು ಕೇಳಿ ಮನೆಯವರಿಗೆ ಸಾಕಾಗಿದೆ, ಅದಕ್ಕೇ ಬ್ಲಾಗು ಶುರು ಮಾಡಿದೆ ಎಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡಿದ್ದೀರಿ. ರಾಣೆಬೆನ್ನೂರಿನ ಮೂವರು ಹುಡುಗಿಯರ ಹಾಡಿಗೆ, ಡೋಲು ಜಾಸ್ತಿಯಾಯಿತು, ಹಾಡುವವಳು ಮಾತಿನ ತುದಿ ನುಂಗುತ್ತಾಳೆ, ಆದರೂ ನಾನು ಇಳಿಯುವ ಸ್ಟಾಪು ತಪ್ಪಿತು ಎಂದು ಬರೆದಿರಿ. ಅಕ್ಕ ನಕ್ಕಳು. ನಾಲ್ಕನೆಯದು ಬಾಗಲಕೋಟೆಯ ತಾಯಿ-ಮಗಳು ಮನೆಯಲ್ಲೇ ಹಾಡಿಕೊಂಡ ಹಾಡು. ನಡುವೆ ಕುಕ್ಕರಿನ ಸೀಟಿ ಬರುತ್ತದೆ, ಅದನ್ನು ಅವರು ತೆಗೆದಿಲ್ಲ ಎಂದಿರಿ, ಪಲ್ಲವಿಯ ಎರಡು ಸಾಲನ್ನೂ ಬರೆದುಕೊಟ್ಟಿರಿ.

ಆ ಹಾಡುಗಳು ಈಗ ಇಲ್ಲ. ಜಾಗ ಸಾಲದಾದಾಗ ಧ್ವನಿಯ ಕಡತಗಳನ್ನೇ ಮೊದಲು ಅಳಿಸಿದರು, ಅಕ್ಷರ ಚಿಕ್ಕದೆಂದು ಉಳಿಯಿತು. ಸೀಟಿ ಪಲ್ಲವಿಗೆ ಮೊದಲೋ ಆಮೇಲೋ ಎಂದು ನಾವಿಬ್ಬರೂ ಎಂಟು ದಿನ ಜಗಳವಾಡಿದೆವು. "ಸೀಟಿ ಆದಮ್ಯಾಲೆ ಮಗಳು ನಕ್ಕಿರ್ತಾಳ, ನೀ ಏನರ ಅನ್ನು" ಎಂದು ಅಕ್ಕನ ಹಟ. ಕಡೆಗೆ ಕಿವಿಮಣಿ ತೆಗೆದಿಟ್ಟು, ನಮ್ಮದೇ ಧಾಟಿ ಹಚ್ಚಿ, ಬಾಯಿಂದಲೇ ಸೀಟಿ ಹೊಡೆದು ಹಾಡಿದೆವು. ಇಬ್ಬರ ಬಾಯಲ್ಲಿ ಒಂದೇ ಹಾಡು ನಮ್ಮ ಓಣಿಯಲ್ಲಿ ಯಾರೂ ಕೇಳಿದ್ದಲ್ಲ. ಪಕ್ಕದ ಮನೆಯ ಶಿವಗಂಗವ್ವ ಓಡಿ ಬಂದು, "ಯಾರಿಗರ ಹುಷಾರಿಲ್ಲೇನ್ರೀ?" ಎಂದು ಕೇಳಿದರು.

ನಾಲ್ಕನೆಯ ಬರಹದ ಕೊನೆಗೆ ನೀವು ಹೀಗೆ ಬರೆದಿದ್ದೀರಿ: ಈ ಹಾಡಿನ ಕೊನೆಯ ನುಡಿಯನ್ನು ಒಂದೇ ಸಲ ಕೇಳಿದ್ದೇನೆ, ಮತ್ತೆ ಕೇಳುವ ಧೈರ್ಯವಿಲ್ಲ, ಯಾಕೆಂದು ಮುಂದಿನ ಭಾನುವಾರ ಬರೆಯುತ್ತೇನೆ. ಆ ಭಾನುವಾರ ಬರಲೇ ಇಲ್ಲ. ಅದರ ಕೆಳಗೆ ಹೆಸರಿಲ್ಲದ ಯಾರೋ, ಹಾಡು ಕೇಳಿ ಸುಮ್ಮನಿರಬಾರದೇ, ಇದಕ್ಕೆಲ್ಲ ಬ್ಲಾಗು ಯಾಕೆ ಎಂದು ಬರೆದದ್ದು ಮಾತ್ರ ಇದೆ. ನೀವು ನಿಲ್ಲಿಸಿದ್ದು ಅದಕ್ಕೇ ಎಂದು ನನ್ನ ಅನುಮಾನ.

ಅಕ್ಕ ದಿನ ಬೆಳಗಾದರೆ ಕೇಳುತ್ತಾಳೆ, "ಆಕಿ ಏನರ ಬರದ್ಲೇನ?" ನೂರೈವತ್ತು ವರ್ಷಕ್ಕೂ ಹಿಂದಿನ ಪುಟ, ಹೊಸತು ಎಲ್ಲಿಂದ ಬರಬೇಕು ಎಂದು ಹೇಳಿ ಹೇಳಿ ದಣಿದು, ಒಂದು ದಿನ ಐದನೆಯದನ್ನು ನಾನೇ ಬರೆದು ನಿಮ್ಮದೆಂದು ಓದಿದೆ. ಕೊನೆಯ ನುಡಿ ತಾಯಿಯ ಮೇಲಿದೆ, ಬಹಳ ಸೊಗಸಾಗಿದೆ, ಕಣ್ಣು ತುಂಬಿತು ಎಂದೆಲ್ಲ. ಅಕ್ಕ ಪೂರ್ತಿ ಕೇಳಿದಳು, ಮಜ್ಜಿಗೆ ಕೇಳಿ ಕುಡಿದಳು. ಆಮೇಲೆ, "ಇದು ಆಕಿ ಬರದದ್ದಲ್ಲ, ಸುವ್ವಿ. ಆಕಿ ಮೊದ್ಲ ಒಂದು ತಪ್ಪು ತಗೀದ ಹೊಗಳೂದಿಲ್ಲ. ಸಾಯಾಕತ್ತೀನಂತ ನನಗ ಏನರ ಕೊಟ್ರ ನಡೀತೈತಿ ಅನ್ಕೊಂಡಿ ಏನ?" ಎಂದಳು. ನನಗೆ ನಾಚಿಕೆಯಾಯಿತು. ಅವತ್ತೇ ಹೋಗಿ ನನ್ನ ಪಾಲಿನ ಒಂದೇ ಪತ್ರಕ್ಕೆ ಹೆಸರು ಬರೆಸಿದೆ.

ಕೇಳಿಕೊಳ್ಳುವುದು ಇಷ್ಟೇ, ದಾಕ್ಷಾಯಣಿ. ಆ ಹೆಸರಿಲ್ಲದವನ ಮಾತು ಬಿಡಿ. ಭಾನುವಾರ ಕುಳಿತು ಆ ಕೊನೆಯ ನುಡಿಯ ಬಗ್ಗೆ ಬರೆಯಿರಿ. ಚೆನ್ನಾಗಿ ಬಾರದಿದ್ದರೂ ನಡೆಯುತ್ತದೆ, ತಪ್ಪು ತೆಗೆದು ಬರೆಯಿರಿ.

ನಾಳೆ ಬೆಳಿಗ್ಗೆ ಎಂದಿನಂತೆ ನಿಮ್ಮ ಪುಟ ತೆರೆಯುತ್ತೇನೆ. ಹಿಂದಿನದು ಬದಲಾದರೆ ನಮ್ಮ ನೆನಪೂ ಅದರೊಡನೆ ಬದಲಾಗುತ್ತದೆ ಎನ್ನುತ್ತಾರೆ. ಐದನೆಯದು ಅಲ್ಲಿದ್ದರೆ, ಅದು ಮೊದಲಿಂದಲೂ ಇತ್ತೆಂದೇ ನನಗೆ ಅನಿಸುತ್ತದೆ. ಅಕ್ಕನಿಗೆ ಅದನ್ನು ಎಂದೋ ಓದಿ ಹೇಳಿರುತ್ತೇನೆ, ನಿಮಗೆ ಹೀಗೆ ಬರೆದದ್ದು ನೆನಪಿರುವುದಿಲ್ಲ. ಅದಕ್ಕೇ ಉಪಕಾರವಾಯಿತು ಎನ್ನುವ ಮಾತನ್ನು, ಅಕ್ಕನ ಪರವಾಗಿಯೂ, ಈಗಲೇ ಹೇಳಿ ಮುಗಿಸುತ್ತೇನೆ.