ಹರ್ಗಿಲಾ ಹಕ್ಕಿಯ ಸೀಮಂತ

ಪದುಮಿ,

ನೀನಿರುವ ಲೋಕಕ್ಕೆ ಇದು ತಲುಪುವುದಿಲ್ಲ, ಆದ್ದರಿಂದ ಧೈರ್ಯವಾಗಿ ಜಂಬ ಕೊಚ್ಚುತ್ತೇನೆ. ಈ ಚಳಿಗಾಲ ಊರಿನಲ್ಲೇ ಹೆಚ್ಚು ಹರ್ಗಿಲಾ ಗೂಡುಗಳಿರುವುದು ನಮ್ಮ ಕದಂಬ ಮರದಲ್ಲಿ. ಹೆಣ ತಿನ್ನುವ ಕೊಕ್ಕರೆಗಳ ನಾತಕ್ಕೆ ಮೂಗು ಮುಚ್ಚಿಕೊಂಡು ನೀನು ಕಡಿಸು ಅನ್ನುತ್ತಿದ್ದೆಯಲ್ಲ, ಅದೇ ಮರ.

ನಿನ್ನೆ ಊರ ಹೆಂಗಸರು ಅದರ ಬುಡದಲ್ಲಿ ಹಕ್ಕಿಗೆ ಸೀಮಂತ ಮಾಡಿದರು. ಮರಿಗಳು ಬದುಕಲಿ, ಯಾರೂ ಮರ ಕಡಿಯದಿರಲಿ ಅಂತ ಹಾಡು, ಪಾಯಸ ಎಲ್ಲ ಇತ್ತು. ಮರದ ಯಜಮಾನ ನಾನು, ಮೀಸೆ ತಿರುವಿಕೊಂಡು ಮುಂದೆಯೇ ಕೂತಿದ್ದೆ.

"ಚಿಕ್ಕಪ್ಪಾ, ಬಸುರಿ ಮರದ ಮೇಲೆ ಕೂತವ್ಳೆ, ನೀನ್ಯಾಕೆ ಪಾಯಸಕ್ಕೆ ಬಾಯಿ ಬಿಡ್ತೀಯ?" ಅಂದಳು ಪಕ್ಕದ ಮನೆಯ ಮಾಮೊನಿ.

"ಅವಳ ತವರಿನೋನು ನಾನೇ ಕಣೆ," ಅಂದೆ. ಎಲ್ಲರೂ ನಕ್ಕರು.

"ತವರಿನೋರು ಬರಿಗೈಲಿ ಬರ್ತಾರಾ? ಬಸುರಿಗೆ ಹೊಸ ಬಟ್ಟೆ ತಗೊಂಬಾ ಹೋಗು."

ಒಳಗೆ ಹೋದೆ. ನಮ್ಮ ಮದುವೆಯಾದ ಮರುವರ್ಷ ನಿನ್ನಮ್ಮ ಇಂದಲ್ಲ ನಾಳೆ ಆಗುವ ನಿನ್ನ ಸೀಮಂತಕ್ಕೆಂದು ನೇಯ್ದು ಕಳಿಸಿದ್ದ ಮೇಖೆಲಾ ತಂದುಕೊಟ್ಟೆ. ಮಡಿಕೆ ಬಿಚ್ಚಿದರೆ ಇನ್ನೂ ಹೊಸತೇ. ಯಾರೂ ನಗಲಿಲ್ಲ. ಮಾಮೊನಿ ಅದನ್ನು ಮರಕ್ಕೆ ಉಡಿಸಿದಳು.

ಎಲ್ಲರೂ ಹೋದ ಮೇಲೆ ನಾನೊಬ್ಬನೇ ಅಂಗಳ ಗುಡಿಸಿದೆ. ಮೇಲಿನಿಂದ ಆ ಮೇಖೆಲಾದ ಮೇಲೆ ಹಿಕ್ಕೆ ಬೀಳುತ್ತಲೇ ಇತ್ತು. ಬಿಚ್ಚಿ ಒಗೆದಿಡೋಣ ಅಂದುಕೊಂಡವನು ಸುಮ್ಮನಾದೆ. ಇಷ್ಟು ವರ್ಷ ಪೆಟ್ಟಿಗೆಯಲ್ಲಿದ್ದದ್ದು, ಕೊಳೆಯಾಗಲಿ ಬಿಡು.