ಎರಡು ಗೋಡೆಯ ನಡುವೆ

ಸುಂಡ್‌ಬೀಬೆರಿ, ಸ್ವೀಡನ್
೨೬ ಜೂನ್ ೨೦೦೭

ಪ್ರೀತಿಯ ಪ್ರಫುಲ್ಲಾ,

ಹರಿದು ಹಾಕುವುದಾದರೆ ಓದಿ ಹರಿ. ನನ್ನ ಫೋನ್ ಅಂದರೆ ನೀನು ಎತ್ತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿನ ಮಿಡ್‌ಸಮರ್ ಹಬ್ಬದ ರಜೆಗೆ ಫ್ರಾನ್ಸ್‌ಗೆ ಹೋಗಿದ್ದೆ. ದೊಡ್ಡಸ್ತಿಕೆ ಅಲ್ಲ ಮಾರಾಯ್ತಿ. ನಮ್ಮ ಹೋಟೆಲಿಗೆ ಊಟಕ್ಕೆ ಬರುವ ಬೆಂಗಳೂರಿನ ಸಾಫ್ಟ್‌ವೇರಿನವರು ನಾಲ್ಕು ಮನೆಯವರು ಸೇರಿ ಟೂರ್ ಹೊರಟರು. ಅದರಲ್ಲಿ ಗೋಪೀನಾಥ ಸಾರ್ ಅತ್ತೆಗೆ ಬ್ರೆಡ್ಡು ಕಂಡರೆ ಆಗಲ್ಲ. ಹಾಗಾಗಿ ಅಡುಗೆಗೆ ನಾನು.

ಕಾರ್ಕಸಾನ್ ಅಂತ ಊರು, ದಿಬ್ಬದ ಮೇಲೆ ಹಳೇ ಕೋಟೆ. ನಮ್ಮ ಚಿತ್ರದುರ್ಗದ ಹಾಗೆ ಬಂಡೆಗಳ ಸಹವಾಸ ಇಲ್ಲ. ಬುರುಜಿಗೆಲ್ಲ ಚೂಪು ಟೋಪಿ. ಹೆಬ್ಬಾಗಿಲ ಮೇಲೆ ಗೂಡಿನಲ್ಲಿ, ಚರ್ಚಿನಲ್ಲಿರುತ್ತಲ್ಲ ಅಂಥ ಒಂದು ಅಮ್ಮನ ವಿಗ್ರಹ. ನೋಡಿದ್ದೇ ತಡ, ಶೂ ಬಿಟ್ಟು ಕೈ ಮುಗಿದೆ. ಗೋಪೀನಾಥ ಸಾರ್ ಹೆಂಡತಿ ಕಮಲಕ್ಕ, "ಏ ಯೋಗೀಶ, ಗುಡಿ ಅಲ್ವೋ ಇದು, ಹಾಕ್ಕೊಳೋ! ಕದಿಯೋಕೆ ಇಲ್ಲಿ ಚಪ್ಪಲಿ ಕಳ್ರೂ ಇಲ್ಲ ಪಾಪ" ಅಂತ ನಕ್ಕರು.

ಆ ಕೋಟೆಗೆ ಎರಡು ಸುತ್ತು ಗೋಡೆ. ಒಳಗೊಂದು, ಹೊರಗೊಂದು, ಎದುರುಬದುರು. ನಡುವೆ ಬರೀ ಹುಲ್ಲು. ಅಲ್ಲೇ ಪುಳಿಯೋಗರೆ ಬಡಿಸಿದೆ. ನಾನು ಕೂರುವವನಲ್ಲ, ನಿನಗೆ ಗೊತ್ತು. ಸುತ್ತಲು ಎದ್ದೆ. ಅಷ್ಟರಲ್ಲಿ ಸಾರ್ ಪುಸ್ತಕ ನೋಡಿ ಹೇಳಿದರು: ಯುದ್ಧಗಳೆಲ್ಲ ಮುಗಿದ ಮೇಲೆ ಬಡವರು, ನೇಯುವವರು, ಈ ಎರಡು ಗೋಡೆ ಮಧ್ಯೆಯೇ ಮನೆ ಕಟ್ಟಿಕೊಂಡು ಎಷ್ಟೋ ಕಾಲ ಸಂಸಾರ ಮಾಡಿದರಂತೆ. ಆಮೇಲೆ ಕೋಟೆ ಚಂದ ಕಾಣಲಿ ಅಂತ ಸರ್ಕಾರ ಅವನ್ನೆಲ್ಲ ಕೆಡವಿಸಿತಂತೆ.

ನಾನು ಹುಲ್ಲಿನ ಮೇಲೆ ಕೂತುಬಿಟ್ಟೆ.

ಹೊಲಿಗೆ ಅಂಗಡಿ ಬಿಟ್ಟು ಬರಲ್ಲ ಅಂದೆ ನೀನು. ದುರ್ಗದಲ್ಲಿ ಇರಲ್ಲ ಅಂದೆ ನಾನು. ಇಬ್ಬರೂ ಕಲ್ಲು ಗೋಡೆಗಳೇ. ಆದರೂ ನಡುವೆ ಒಂದು ಒಲೆ ಹಚ್ಚುವಷ್ಟು ಜಾಗ ಇರುತ್ತೆ ಪ್ರಫುಲ್ಲಾ. ಅಂಗಡಿ ಮುಚ್ಚು ಅಂತ ಇನ್ನು ಕೇಳಲ್ಲ. ಇಲ್ಲಿ ನನ್ನ ಪರ್ಮಿಟ್ಟು ಇನ್ನೊಂದು ವರ್ಷ ಇದೆ. ಆಮೇಲೆ ಎಲ್ಲಿ, ಹೇಗೆ ಅಂತ ನೀನೂ ಹೇಳು. ಬೈದಾದರೂ ಹೇಳು.

ಇನ್ನೂ ನಿನ್ನವನೇ ಅಂದುಕೊಂಡಿರುವ,
ಯೋಗೀಶ

ತಾ.ಕ.: ವಾಪಸ್ ಬರುವಾಗ ಕಮಲಕ್ಕ, "ಹೆಂಡ್ತಿ ಹತ್ರ ಮಾತಾಡ್ತಿರ್ತೀಯೇನೋ?" ಅಂದರು. "ಪ್ರತಿ ಭಾನುವಾರ ಅಕ್ಕ, ಅವಳು ಫೋನ್ ಇಡೋಕೇ ಬಿಡಲ್ಲ" ಅಂದುಬಿಟ್ಟೆ. ಜುಲೈ ಹದಿನೈದು, ಭಾನುವಾರ, ಅವರ ಮನೆಯಲ್ಲಿ ನನಗೆ ಊಟ. ನಿನ್ನ ಹತ್ತಿರ ತಾವೂ ಮಾತಾಡಬೇಕಂತೆ, ಅವರ ಫೋನಿಂದಲೇ ಮಾಡಿಸುತ್ತಾರಂತೆ. ಗೊತ್ತಿಲ್ಲದ ನಂಬರ್ ಬಂದರೆ ಎತ್ತು. ಎತ್ತಿದ ಮೇಲೆ ನಾನು ಅಂತ ಗೊತ್ತಾದರೂ ಇಡಬೇಡ.